ಕಲಿಸದ ಮಾತು

ವಾರಿಜಮ್ಮನ ತೋರುಬೆರಳಿಗೆ ದಿಕ್ಕೇ ತೋಚದಂತಾಗಿತ್ತು. ಮೊನ್ನೆಮೊನ್ನೆಯವರೆಗೂ ತನ್ನ ಮೇಲೆ ಕೂತು ನವಣೆ ತಿನ್ನುತ್ತಿದ್ದ ಬಜಿ ಎಂಬ ಪುಟ್ಟ ಜಾತಿಯ ಗಿಳಿಮರಿ ಇವತ್ತು "ಬಾ ಬಾ" ಎನ್ನುತ್ತಲೇ ರಕ್ತ ಬರುವಂತೆ ಕಚ್ಚಿತ್ತು. "ಇದನ್ನ ಅಂಗಡಿಗೇ ವಾಪಸ್ ಕೊಟ್ಟುಬಿಡ್ತೀನಿ" ಎಂದು ವಾರಿಜಮ್ಮ ಸಿಡುಕಿದರು.

ಬೆರಳು ಪಂಜರದ ಸರಳಿಗೆ ಒರಗಿ ಕೇಳಿತು: "ಮರಿ, ನಾನೇನು ತಪ್ಪು ಮಾಡಿದೆ?"

"ನನಗೇನಾಗುತ್ತಿದೆಯೋ ನನಗೂ ತಿಳಿಯದು. ಮೈತುಂಬ ಹೊಸ ಪುಕ್ಕಗಳು ಚುಚ್ಚುತ್ತಿವೆ, ನೀನು ಸವರಿದರೆ ಉರಿಯುತ್ತದೆ. ನಾನು ಹಿಂದೆ ಸರಿದರೂ ಅಟ್ಟಿಸಿಕೊಂಡು ಬಂದೆ."

"ಅದಕ್ಕೆ ಬಾ ಬಾ ಎಂದು ಕರೆದು ಕಚ್ಚುವುದೇ? ಬೇಡ ಅನ್ನಬಾರದಿತ್ತೇ?"

ಗಿಳಿ ಕಕ್ಕಾಬಿಕ್ಕಿಯಾಯಿತು. "ಬೇಡ? ಹಾಗಂದರೇನು? ನೀವು ನನಗೆ ಕಲಿಸಿದ್ದು 'ಬಾ ಬಾ' ಒಂದೇ."