ಹೊಂಗೆಮರ ನೆಲಕ್ಕೆ ಹೂ ಹಾಸಿದ್ದು

ಭೂಮಿಯ ಹಸಿಮಣ್ಣು ಇನ್ನೂ ಆರಿರದ ಕಾಲ. ಆಗ ಮರಗಳಿಗೆ ಬೇರುಗಳೇ ಕಾಲು. ಕರೆದರೆ ಬರುತ್ತಿದ್ದವು, ಬೈದರೆ ಹೋಗುತ್ತಿದ್ದವು. ಬೇಸಿಗೆ ಬಂತೆಂದರೆ ಮಾತ್ರ ಒಂದೂ ಬಿಡದೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತಿದ್ದವು.

ದ್ಯಾವೀರಮ್ಮ ಹೊಸದಾಗಿ ಮನೆ ಕಟ್ಟಿದಳು. ಅವಳಿಗೊಂದು ಹಸುಗೂಸು. ಸೆಕೆಗೆ ಕೂಸಿನ ಮೈಯೆಲ್ಲ ಬೆವರುಸಾಲೆ. ಹಗಲೆಲ್ಲ ಅಳು, ನಿದ್ದೆಯೇ ಇಲ್ಲ. ತೊಟ್ಟಿಲು ಕಟ್ಟಲು ಅಂಗಳದಲ್ಲಿ ನೆರಳು ಬೇಕಿತ್ತು.

ಅವಳು ಹೋಗಿ ಮುತ್ತುಗವನ್ನು ಕರೆತಂದಳು. ಮೈತುಂಬ ಕೆಂಡದಂಥ ಹೂ! ದಾರಿಹೋಕರು ನಿಂತು ನೋಡಿದರು. ದ್ಯಾವೀರಮ್ಮನಿಗೆ ಹೆಮ್ಮೆ. ನೋಡುವವರಿಗೇನು, ನೋಡಿ ಹೋದರು. ಬೇಯುವುದು ಕೂಸು ತಾನೆ!

“ಒಂದಿಷ್ಟು ಎಲೆ ಬಿಡೋ ಮಹರಾಯ,” ಎಂದಳು.

“ಹೂ ಬಿಡೋ ಹೊತ್ತಲ್ಲಿ ಎಲೆ ಕೇಳ್ತೀಯಲ್ಲ ತಾಯಿ! ನಾನು ಕಾಡಿನವನು. ನನ್ನ ಚೆಂದ ದೂರದಿಂದ ನೋಡೋದಕ್ಕೆ,” ಎಂದು ಮುತ್ತುಗ ಕಾಡಿಗೆ ಹೊರಟುಹೋಯಿತು. ಅದರ ತಪ್ಪೇನಿಲ್ಲ. ಊರವರು ಮೆಚ್ಚಲಿ ಎಂದು ಮರ ತಂದವಳದೇ ತಪ್ಪು.

ಕೆರೆಯ ಏರಿಯ ಮೇಲೆ ಇನ್ನೂ ಎಲೆ ಉದುರಿಸದ ಹೊಂಗೆ ನಿಂತಿತ್ತು. ದ್ಯಾವೀರಮ್ಮ ಹೋಗಿ ಅದನ್ನು ಕರೆದಳು.

“ನನ್ನ ಸೊಟ್ಟ ಮೈ ನೋಡಿದ್ಯಾ? ಕರ್ಕೊಂಡು ಹೋದ್ರೆ ಜನ ನಗ್ತಾರೆ.”

“ನಗಲಿ. ನನ್ನ ಕೂಸು ಮಲಗಬೇಕು. ಬಾರಪ್ಪ.”

ಹೊಂಗೆ ಬಂತು. ದ್ಯಾವೀರಮ್ಮ ದಿನವೂ ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಒಂದು ಚೊಂಬು ಹುಯ್ದಳು. ಪ್ರೀತಿಯಿಂದಲೇ ಹುಯ್ದಳು. ಆದರೂ ಎಲೆಗಳು ಒಂದೊಂದಾಗಿ ಉದುರಿದವು. ಕೂಸಿನ ಮುಖಕ್ಕೆ ಬಿಸಿಲು ಬಿತ್ತು.

“ನೀನೂ ಹಿಂಗೇ ಮಾಡಿದ್ಯಲ್ಲೋ!” ಎಂದು ಮರವನ್ನು ತಬ್ಬಿ ಅತ್ತಳು.

“ಅಳಬೇಡ ಕಣವ್ವ. ದಿನಾ ಬುಡಕ್ಕೇ ತಂದು ಗುಟುಕು ಗುಟುಕು ಕುಡಿಸ್ತೀಯ. ಬೇರು ಸೋಮಾರಿಯಾಗಿ ಮೇಲೇ ಕೂತು ಸುಡ್ತಾ ಇದೆ. ಬುಡದಿಂದ ಒಂದು ಮಾರು ದೂರ ಪಾತಿ ತೋಡು. ವಾರಕ್ಕೊಂದು ಸಲ ತುಂಬ ಹುಯ್ಯಿ. ಆಮೇಲೆ ಸುಮ್ಮನಿರು. ದಾಹ ಆದ್ರೆ ಬೇರು ತಾನೇ ಇಳಿಯುತ್ತೆ. ಇಳಿದ ಮೇಲೆ ಮಾತ್ರ ನಾನು ಎಲ್ಲಿಗೂ ನಡೆಯೋ ಹಾಗಿಲ್ಲ.”

“ಹಾಗಾದ್ರೆ ಬೇಡ ಬಿಡು. ನಿನ್ನ ಕಾಲು ಕಟ್ಟಿಹಾಕಲಾ?”

“ಕೂಸು ಮಲಗಲಿ ಬಿಡವ್ವ,” ಎಂದಿತು ಹೊಂಗೆ.

ದ್ಯಾವೀರಮ್ಮ ಪಾತಿ ತೋಡಿದಳು. ತುಂಬ ಹುಯ್ದಳು. ಆಮೇಲೆ ದಿನವೂ ಚೊಂಬು ಹಿಡಿದು ಹೊಸ್ತಿಲವರೆಗೆ ಬರುವಳು, ತುಟಿ ಕಚ್ಚಿ ಒಳಗೆ ಹೋಗುವಳು. ಹೊಂಗೆಯ ಬೇರು ಇಳಿಯಿತು. ಕಲ್ಲಿನ ಸಂದಿಯಲ್ಲಿ ಇಳಿಯಿತು. ಗಂಗಮ್ಮ ಮಲಗಿದ್ದ ತಣ್ಣನೆಯ ಆಳ ಮುಟ್ಟಿತು. ಉರಿಬಿಸಿಲಲ್ಲೇ ಬೋಳು ಕೊಂಬೆಗಳು ಮಿರಮಿರನೆ ಚಿಗುರಿದವು. ಅಂಗಳದ ತುಂಬ ನೆರಳು.

ಕೂಸು ಮೊದಲ ಸಲ ಹಗಲು ಮಲಗಿತು. ಸಂಜೆಯವರೆಗೂ ಮಲಗಿತು. ಎದ್ದಾಗ ಮೇಲೆ ಎಲೆಗಳ ನಡುವೆ ಪುಟ್ಟಪುಟ್ಟ ಹೂ ಕಂಡವು. ಕೈ ಚಾಚಿತು, ಎಟುಕಲಿಲ್ಲ. ತುಟಿ ಸೊಟ್ಟಗಾಯಿತು. ಇನ್ನೇನು ಅಳಬೇಕು, ಹೊಂಗೆ ಗಾಬರಿಯಿಂದ ಮೈ ಕೊಡವಿತು.

“ತಗೋ ಕಂದ, ತಗೋ, ಎಲ್ಲಾ ನಿಂದೇ!”

ಅದಕ್ಕೇ ಮಗು, ಯುಗಾದಿ ಕಳೆದು ಬಿಸಿಲು ಸುಡುವಾಗ ಹೊಂಗೆ ಹೊಸ ಎಲೆ ಹೊದ್ದು ನಿಲ್ಲುತ್ತದೆ. ಹೂಗಳನ್ನು ಕೊಂಬೆಯಲ್ಲಿ ಇಟ್ಟುಕೊಳ್ಳದೆ, ಅಂಬೆಗಾಲಿಡುವ ಕೂಸಿಗೂ ಸಿಗುವಂತೆ ನೆಲದ ತುಂಬ ಹಾಸುತ್ತದೆ.