ದಡದ ಬಳಿ ಮುಳುಗಿದ ಹರಿಗೋಲು

“ಅಜ್ಜಾ, ಒಂದು ದೇಶದ ಜನ ಮುಂದೆ ಯಾವ ಆಟ ಆಡುತ್ತಾರೆ ಎಂಬುದನ್ನು ಇಂದೇ ಹೇಳಲು ಬರುತ್ತದೆಯೇ?”

ಕೇಳಿದವನು ಚೆನ್ನವೀರ. ಹುಬ್ಬಳ್ಳಿಯಲ್ಲಿ ಫೋನಿನ ಆಟಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಅವನ ಕೆಲಸ. ಪ್ರತಿ ಅಮಾವಾಸ್ಯೆಗೆ ಮಠಕ್ಕೆ ಬಂದು ಅಲ್ಲಿಯ ಸ್ವಾಮಿಗಳಾದ ಶಂಭುಲಿಂಗ ಅಜ್ಜಾವರ ಪಾದಕ್ಕೆ ಹಣೆ ಹಚ್ಚಿ ಹೋಗುವುದು ಅವನ ರೂಢಿ. ಈ ಸಲ ಹಣೆ ಹಚ್ಚಿದವನು ಏಳಲು ತಡಮಾಡಿದ.

ಅಜ್ಜಾವರು ಕೇಳಿದರು. “ಯಾವ ಆಟ? ನಮ್ಮ ಮಠದ ಹುಡುಗರು ಪಾಠದ ಹೊತ್ತಿಗೆ ಕಂಬದ ಮರೆಯಲ್ಲಿ ಕೂತು ಆಡುತ್ತಾರಲ್ಲ, ಅದೇ ತಾನೆ?”

“ಅದೇ ಅಜ್ಜಾ. ಈ ದೇಶದಲ್ಲಿ ಆ ಆಟಗಳ ಉದ್ಯಮ ಮುಂದೆ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ನಾನು ಬರೆದುಕೊಡಬೇಕು. ನಾನು ಬರೆದಂತೆ ನಮ್ಮವರು ಕೆಲವು ಆಟಗಳನ್ನು ಇಟ್ಟುಕೊಳ್ಳುತ್ತಾರೆ, ಕೆಲವನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದ ಆಟದ ಜೊತೆ ಅದನ್ನು ಮಾಡುವವರೂ ಮನೆಗೆ ಹೋಗುತ್ತಾರೆ. ನನ್ನ ಮಾತು ತಪ್ಪಿದರೆ ಅವರ ಅನ್ನ ಹೋದಂತೆ.”

ಅಜ್ಜಾವರು “ಕುಳಿತುಕೋ” ಎಂದರು. ಚೆನ್ನವೀರ ಕುಳಿತ. ಅವರು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ಅವನ ಸರಕು ಆಟ. ಅವನ ಕಾರ್ಯಶಾಲೆಯಲ್ಲಿ ಚಿತ್ರ ಬರೆಯುವವರು, ರಾಗ ಕೂಡಿಸುವವರು, ಯಂತ್ರಕ್ಕೆ ಬುದ್ಧಿ ಹೇಳುವವರು ಅನೇಕರಿದ್ದರು. ಅವರೆಲ್ಲ ಸೇರಿ ಒಂದು ಹರಿಗೋಲಿನ ಆಟ ಮಾಡಿದರು. ಹೊಳೆಯ ತುಂಬ ಬಂಡೆಗಳು. ಹೆಬ್ಬೆರಳು ಒತ್ತಿ ಹಿಡಿದರೆ ಹರಿಗೋಲು ಎಡಕ್ಕೆ ಸರಿಯುತ್ತದೆ, ಬಿಟ್ಟರೆ ಬಲಕ್ಕೆ. ಬಂಡೆಗೆ ತಾಗಿದರೆ ಮುಳುಗುತ್ತದೆ. ದಡ ಮುಟ್ಟಿದರೆ ಮತ್ತೊಂದು ಹೊಳೆ ತೆರೆದುಕೊಳ್ಳುತ್ತದೆ. ಇಷ್ಟೇ ಆಟ. ಆದರೆ ದೇಶಕ್ಕೆ ದೇಶವೇ ಅದನ್ನು ಆಡಿತು.

ವ್ಯಾಪಾರಿಯ ಹತ್ತಿರ ಒಬ್ಬ ಜಾಣನಿದ್ದ. ಜನ ಮುಂದೆ ಏನು ಬಯಸುತ್ತಾರೆ ಎಂದು ಹೇಳುವುದು ಅವನ ಕೆಲಸ. ಅವನ ಕೋಣೆಯ ಗೋಡೆಯ ಮೇಲೆ ದೇಶದ ನಕಾಶೆ ಬೆಳಗುತ್ತಿತ್ತು. ಎಲ್ಲಿ ಯಾರ ಹರಿಗೋಲು ಮುಳುಗಿದರೂ ಅಲ್ಲಿ ಒಂದು ಚುಕ್ಕಿ ಮಿನುಗಿ ಆರುತ್ತಿತ್ತು. ಚುಕ್ಕಿಯನ್ನು ಮುಟ್ಟಿದರೆ ಆ ಹರಿಗೋಲು ಹೊಳೆಯ ಯಾವ ಬಂಡೆಗೆ ತಾಗಿತು ಎಂಬುದೂ ತಿಳಿಯುತ್ತಿತ್ತು. ಜಾಣ ಆ ಚುಕ್ಕಿಗಳನ್ನು ವರ್ಷಗಟ್ಟಲೆ ನೋಡಿದ. ನೋಡುತ್ತ ನೋಡುತ್ತ ಅವನಿಗೆ ಒಂದು ಸಂಗತಿ ಕಂಡಿತು.

ಜನ ಕಠಿಣ ಬಂಡೆಗಳನ್ನು ದಾಟಿ ಬರುತ್ತಿದ್ದರು. ಸುಳಿಗಳನ್ನೂ ದಾಟುತ್ತಿದ್ದರು. ಆಮೇಲೆ ದಡದ ಹತ್ತಿರ, ಎಳೆಯ ಮಗು ಕೂಡ ದಾಟಿಸಬಹುದಾದ ನೀರಿನಲ್ಲಿ, ಇದ್ದ ಒಂದೇ ಬಂಡೆಗೆ ತಾಗಿ ಮುಳುಗುತ್ತಿದ್ದರು. ಒಬ್ಬಿಬ್ಬರಲ್ಲ. ಊರೂರುಗಳಲ್ಲಿ, ಅದರಲ್ಲೂ ಸಂಜೆಯ ಹೊತ್ತು, ಹೀಗೆ ಆಗುತ್ತಿತ್ತು.

ಜಾಣ ಇದಕ್ಕೆ ಒಂದು ಅರ್ಥ ಕಟ್ಟಿದ. ವ್ಯಾಪಾರಿಯ ಮುಂದೆ ಹೋಗಿ ಹೇಳಿದ. “ನಮ್ಮ ಜನಕ್ಕೆ ಕೊನೆಯ ಗಳಿಗೆಯಲ್ಲಿ ಎದೆ ನಡುಗುತ್ತದೆ. ಗೆಲುವು ಹತ್ತಿರ ಬಂದರೆ ಕೈ ಸೋಲುತ್ತದೆ. ಇಂಥವರು ಇನ್ನು ಹೆಚ್ಚು ದಿನ ಸೋಲನ್ನು ತಾಳಲಾರರು. ಮುಂದಿನ ಕಾಲ ಸೋಲಿಲ್ಲದ ಆಟದ್ದು.”

ವ್ಯಾಪಾರಿ ನಂಬಿದ. ಹರಿಗೋಲು ಮುಳುಗದಂತೆ ಮಾಡಿಸಿದ. ಬಂಡೆಗೆ ತಾಗಿದರೆ ಈಗ ಅದು ಚೆಂಡಿನ ಹಾಗೆ ಪುಟಿದು ಮುಂದೆ ಹೋಗುತ್ತಿತ್ತು. ಜಾಣನ ಮಾತು ಕೇಳಿದ ಬೇರೆ ವ್ಯಾಪಾರಿಗಳೂ ತಮ್ಮ ತಮ್ಮ ಆಟಗಳಿಂದ ಸೋಲನ್ನು ತೆಗೆಯಲು ಸಿದ್ಧರಾದರು.

ಮೊದಮೊದಲು ಎಲ್ಲರೂ ಹೊಗಳಿದರು. ಮಳೆಗಾಲ ಕಳೆಯುವುದರೊಳಗೆ ಜನ ಆ ಆಟವನ್ನು ಬಿಡತೊಡಗಿದರು. ಯಾವ ಊರುಗಳಲ್ಲಿ ಹೆಚ್ಚು ಹರಿಗೋಲುಗಳು ಮುಳುಗುತ್ತಿದ್ದವೋ ಆ ಊರುಗಳೇ ಮೊದಲು ಬಿಟ್ಟವು.

ವ್ಯಾಪಾರಿ ಜಾಣನನ್ನು ಕರೆಸಿದ. “ನಿನ್ನ ಮಾತು ಕೇಳಿ ನಾನು ಕಾರ್ಯಶಾಲೆಯನ್ನು ಪಣಕ್ಕಿಟ್ಟೆ. ದೀಪಾವಳಿಯ ಒಳಗೆ ಕಾರಣ ತಿಳಿದು ಬಾ. ತಿಳಿಯದಿದ್ದರೆ ನಾನು ಬಾಗಿಲು ಹಾಕುತ್ತೇನೆ. ಇಲ್ಲಿ ದುಡಿಯುವವರಿಗೆಲ್ಲ ಅದನ್ನು ಹೇಳುವ ಕೆಲಸ ನಿನ್ನದು” ಎಂದ.

ಜಾಣ ಹೊರಗೆ ಬಂದ. ಚಿತ್ರ ಬರೆಯುವವರು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಯಾರೂ ಅವನನ್ನು ಏನೂ ಕೇಳಲಿಲ್ಲ. ಅದೇ ಅವನಿಗೆ ಭಾರವಾಯಿತು.

ನಕಾಶೆಯಲ್ಲಿ ಹೆಚ್ಚು ಚುಕ್ಕಿ ಮಿನುಗುತ್ತಿದ್ದ ಒಂದು ಊರಿಗೆ ಅವನು ಬಸ್ಸು ಹತ್ತಿದ. ಅದು ನೇಕಾರರ ಊರು. ಮಗ್ಗಗಳು ನಿಲ್ಲುವ ಹೊತ್ತಿಗೆ ಒಂದು ಓಣಿಗೆ ಬಂದು, ಒಂದು ಮನೆಯ ಮುಂದೆ ನಿಂತು ನೀರು ಕೇಳಿದ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ತಾನು ಯಾರು, ಯಾಕೆ ಬಂದೆ ಎಂದು ಅವಳಿಗೆ ಹೇಳಿದ.

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. “ಹರಿಗೋಲು ಮುಳುಗದಂಗ ಮಾಡಿದವ್ರು ನೀವೇನ್ರಿ? ಬರ್ರಿ, ಕುಂದರ್ರಿ. ನೀವು ಸಿಕ್ಕರ ಬೈಬೇಕಂತ ಕಾಯಾಕತ್ತಿದ್ದೆ.”

ಒಳಗಿನಿಂದ ಸೊಸೆ ತಂಬಿಗೆ ತಂದಳು. “ಮೊದಲು ನೀರು ಕುಡೀಲಿ ಅತ್ತಿ. ಆಮ್ಯಾಲೆ ಬೈರಿ. ಬಾಯಾರಿದವ್ರಿಗೆ ಬೈದರ ಪಾಪ ಬರತೈತಿ.”

ಜಾಣ ನೀರು ಕುಡಿದ. “ಇನ್ನು ಬೈಯಿರಿ ಅಮ್ಮಾ” ಎಂದ.

“ಬೈಯೂದು ಏನೈತ್ರಿ. ಮನ್ಯಾಗ ಇರೋದು ಒಂದು ಫೋನು. ಹರಿಗೋಲು ಮುಳುಗಿದ ಕೂಡಲೇ ಫೋನು ಮುಂದಿನವ್ರ ಕೈಗೆ ಹೋಗಬೇಕು. ಈ ಓಣ್ಯಾಗ ಎಲ್ಲಾರ ಮನ್ಯಾಗೂ ಅದೇ ಪದ್ಧತಿ. ಈಗ ನೀವು ಮುಳುಗೂದನ್ನೇ ತೆಗೆದ್ರಿ. ಹಿಡಿದಾವ ಬಿಡವಲ್ಲ, ಕೂತಾವ ಏಳವಲ್ಲ. ನನ್ನ ಮಗ, ಮೊಮ್ಮಗಳು ಬೆಕ್ಕಿನಂಗ ಪರಚಾಡಿದ್ರು. ಕಡೀಕ ಈಕಿ ಫೋನು ಟ್ರಂಕಿನ್ಯಾಗ ಹಾಕಿ ಕೀಲಿ ಜಡದಾಳ.”

“ಕೀಲಿ ನನ್ನ ಉಡ್ಯಾಗ ಐತಿ” ಎಂದಳು ಸೊಸೆ. “ಯಾರು ಕೇಳಿದ್ರೂ ಕೊಡಂಗಿಲ್ಲ.”

ಜಾಣನಿಗೆ ಕಾರಣ ಸಿಕ್ಕಿತು. ಅಷ್ಟಕ್ಕೇ ಅವನು ಹಿಂದಿರುಗಬಹುದಾಗಿತ್ತು. ಆದರೆ ದಡದ ಬಳಿಯ ಬಂಡೆ ಅವನನ್ನು ಏಳಲು ಬಿಡಲಿಲ್ಲ. ಕಠಿಣವಾದದ್ದನ್ನೆಲ್ಲ ದಾಟಿದವರು ಸುಲಭವಾದಲ್ಲಿ ಯಾಕೆ ಮುಳುಗುತ್ತಿದ್ದರು? “ನೀವು ಮೊದಲು ಆಡುತ್ತಿದ್ದ ಹಾಗೆ ಒಮ್ಮೆ ಆಡಿ ತೋರಿಸುತ್ತೀರಾ?” ಎಂದು ಕೇಳಿದ.

ನೆರೆಮನೆಯಲ್ಲಿ ಒಂದು ಹಳೆಯ ಫೋನಿತ್ತು. ಅದು ಹೊಸ ಆಟವನ್ನು ತೆಗೆದುಕೊಳ್ಳದೆ ಹಳೆಯ ಆಟವನ್ನೇ ಇಟ್ಟುಕೊಂಡಿತ್ತು. ಅದನ್ನು ತಂದರು. ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ಕುಳಿತರು. ಮೊದಲು ಮುದುಕಿಯ ಮಗ. ಅವನು ಆಗ ತಾನೆ ಮಗ್ಗದಿಂದ ಎದ್ದು ಬಂದಿದ್ದ. ಅವನ ಪಕ್ಕ ಅವನ ಮಗಳು. ಅವಳ ಪಕ್ಕ ಮುದುಕಿ. ಮುದುಕಿ ತನ್ನ ಪಕ್ಕದಲ್ಲಿ ಜಾಣನನ್ನು ಕೂಡಿಸಿಕೊಂಡಳು. ಕೊನೆಯಲ್ಲಿ ಸೊಸೆಗೆ ಜಾಗ ಬಿಟ್ಟರು. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಮಗ ಆಡಿದ. ಎಂಥ ಕೈ ಅವನದು. ಲಾಳಿ ಓಡಿಸುವ ಕೈ. ಬಂಡೆಗಳ ನಡುವೆ ಹರಿಗೋಲು ನೂಲಿನಂತೆ ಹಾದು ಹೋಯಿತು. ದಡ ಹತ್ತಿರ ಬಂತು. ಪಕ್ಕದಲ್ಲಿ ಮಗಳು ಉಸಿರು ಬಿಗಿ ಹಿಡಿದು ಕೂತಿದ್ದಳು. ಮಗನ ಹೆಬ್ಬೆರಳು ಒಂದಿಷ್ಟು ಮೇಲೆದ್ದಿತು. ಹರಿಗೋಲು ಬಂಡೆಗೆ ತಾಗಿ ಮುಳುಗಿತು.

“ಅಯ್ಯ, ಹೋತಲ್ಲ” ಎಂದು ಅವನು ಫೋನನ್ನು ಮಗಳ ಕೈಗಿಟ್ಟ.

ಜಾಣ ಎದ್ದು ಅವನ ಆಚೆ ಬದಿಗೆ ಹೋಗಿ ಕಿವಿಯಲ್ಲಿ ಹೇಳಿದ. “ನೀವು ಬೇಕೆಂದೇ ಬಿಟ್ಟಿರಿ.”

“ಸಣ್ಣಗ ಮಾತಾಡ್ರಿ” ಎಂದ ಮಗ. “ಆಕಿಗೆ ಗೊತ್ತಾದ್ರ ಫೋನು ಮುಟ್ಟಂಗಿಲ್ಲ. ಭಾಳ ಸ್ವಾಭಿಮಾನ ಆಕಿದು.”

ಹುಡುಗಿ ಆಡಿದಳು. ನಾಲಿಗೆ ಕಚ್ಚಿಕೊಂಡು, ಭುಜ ಓರೆ ಮಾಡಿಕೊಂಡು ಆಡಿದಳು. ಅವಳೂ ಎಲ್ಲ ಬಂಡೆ ದಾಟಿದಳು. ದಡ ಬಂತು. ಒಮ್ಮೆ ಅಜ್ಜಿಯ ಕಡೆ ನೋಡಿದಳು. ಅವಳ ಹೆಬ್ಬೆರಳೂ ಎದ್ದಿತು.

“ಅಯ್ಯ, ಹೋತಲ್ಲ” ಎಂದಳು. ಧ್ವನಿ ಕೂಡ ಅಪ್ಪನದೇ.

ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅಪ್ಪ ತನ್ನ ಗುಟ್ಟು ಯಾರಿಗೂ ತಿಳಿಯದು ಎಂದುಕೊಂಡಿದ್ದ. ಮಗಳೂ ಹಾಗೆಯೇ ಎಂದುಕೊಂಡಿದ್ದಳು.

ಮುದುಕಿಗೆ ಕಣ್ಣು ಮಂಜು. ಅವಳ ಹರಿಗೋಲು ಹೊರಟಲ್ಲೇ ಮುಳುಗಿತು. “ನನಗ ದಡದ ತನಕ ಹೋಗೂ ಕಷ್ಟಾನೇ ಇಲ್ಲ ನೋಡ್ರಿ” ಎಂದು ನಕ್ಕು, ಪಕ್ಕಕ್ಕೆ ಮರಳಿ ಕೂತಿದ್ದ ಜಾಣನ ಕೈಗೆ ಫೋನನ್ನು ಕೊಟ್ಟಳು.

ಆ ಹೊಳೆಯ ಒಂದೊಂದು ಕಲ್ಲೂ ಜಾಣನಿಗೆ ಗೊತ್ತಿತ್ತು. ಹರಿಗೋಲು ಸಲೀಸಾಗಿ ಸಾಗಿತು. ಅಷ್ಟರಲ್ಲಿ ಸೊಸೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಅವನ ಪಕ್ಕದ ಜಾಗದಲ್ಲಿ ಕುಳಿತಳು. ನಸುಕಿನಲ್ಲಿ ಎದ್ದವಳು ಅವಳು. ಇಡೀ ದಿನದಲ್ಲಿ ಅವಳು ಕೆಲಸ ಬಿಟ್ಟು ಕುಳಿತದ್ದು ಅದೇ ಮೊದಲು. ಅವಳು ಏನೂ ಕೇಳಲಿಲ್ಲ. ಫೋನಿನ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು, ಅಷ್ಟೇ.

ದಡ ಬಂತು. ಜಾಣನ ಹೆಬ್ಬೆರಳು ಎದ್ದಿತು. ಎದ್ದ ಮೇಲೆ ಅವನಿಗೆ ತಿಳಿಯಿತು.

ಹರಿಗೋಲು ಮುಳುಗಿತು. ಅವನು ಫೋನನ್ನು ಸೊಸೆಯ ಕೈಗೆ ಕೊಟ್ಟು ಓಣಿಗೆ ಬಂದು ನಿಂತ. ದೀಪ ಹಚ್ಚುವ ಹೊತ್ತು. ಅವನ ಕಣ್ಣ ಮುಂದೆ ಗೋಡೆಯ ಮೇಲಿನ ನಕಾಶೆ ಬಂತು. ಅಲ್ಲಿ ಮಿನುಗಿ ಆರಿದ ಚುಕ್ಕಿಗಳನ್ನೆಲ್ಲ ಅವನು ಸೋಲು ಎಂದು ಓದಿದ್ದ. ಒಂದೊಂದು ಚುಕ್ಕಿಯ ಪಕ್ಕದಲ್ಲೂ ಒಬ್ಬರು ಪಾಳಿಗೆ ಕಾದು ಕೂತಿದ್ದರು. ಅವರು ನಕಾಶೆಯಲ್ಲಿ ಕಾಣುತ್ತಿರಲಿಲ್ಲ. ಗಡಿಯ ಊರುಗಳಲ್ಲಿ, ಕಡಲಿನ ದಂಡೆಯಲ್ಲಿ, ರೈಲು ಕಾಯುವ ಬಯಲಿನಲ್ಲಿ, ಹೆಸರು ಗೊತ್ತಿಲ್ಲದ ಭಾಷೆಯವರ ಮನೆಗಳಲ್ಲಿ, ಗೆದ್ದೇಬಿಟ್ಟ ಆಟವನ್ನು ಜನ ಸದ್ದಿಲ್ಲದೆ ಕೈಬಿಡುತ್ತಿದ್ದರು. ಹೊತ್ತು ಮುಳುಗಿದ ಕೂಡಲೇ ಇಡೀ ದೇಶ ಹೀಗೆ ಮಾಡುತ್ತಿತ್ತು. ಮಾಡಿ, ಅಯ್ಯ ಹೋಯಿತಲ್ಲ ಎಂದು ಸುಳ್ಳು ಹೇಳುತ್ತಿತ್ತು. ಅವನು ಕೈ ಜೋಡಿಸಿದ. ಯಾರಿಗೆ ಎಂದು ಅವನಿಗೂ ತಿಳಿಯಲಿಲ್ಲ.

ಜಾಣ ಹಿಂದಿರುಗಿ ವ್ಯಾಪಾರಿಗೆ ಕಂಡದ್ದನ್ನು ಕಂಡಂತೆ ಹೇಳಿದ. ವ್ಯಾಪಾರಿ ಬಹಳ ಹೊತ್ತು ಯೋಚಿಸಿ, ಹರಿಗೋಲನ್ನು ಮೊದಲಿನಂತೆ ಮುಳುಗಲು ಬಿಟ್ಟ. ಮೆಲ್ಲಗೆ ಟ್ರಂಕುಗಳ ಕೀಲಿ ತೆರೆದವು. ಜನ ಮತ್ತೆ ಆಡಿದರು. ಕಾರ್ಯಶಾಲೆಯ ಬಾಗಿಲು ಮುಚ್ಚಲಿಲ್ಲ.

ಒಂದು ಸಂಜೆ ವ್ಯಾಪಾರಿ ಜಾಣನ ಕೋಣೆಗೆ ಬಂದ. ನಕಾಶೆಯ ತುಂಬ ಚುಕ್ಕಿಗಳು ಮಿನುಗಿ ಆರುತ್ತಿದ್ದವು. ವ್ಯಾಪಾರಿ ಕುರ್ಚಿಯಲ್ಲಿ ಕುಳಿತವನು ಎದ್ದು ನಿಂತ. ಹಾಗೆ ನಿಂತೇ ಕೇಳಿದ. “ಆದರೂ ನಾನು ವ್ಯಾಪಾರಿ. ನನಗೆ ಹೇಳು, ಇವರು ಮುಂದೆ ಏನು ಆಡಿಯಾರು?”

ಜಾಣ ಹೇಳಿದ. “ಸ್ವಾಮಿ, ನನ್ನದೇ ಬೆರಳು ಏಳುತ್ತದೆ ಎಂಬುದೂ ಅದು ಏಳುವ ಮೊದಲು ನನಗೆ ಗೊತ್ತಾಗಲಿಲ್ಲ.”

ಅಜ್ಜಾವರು ಕತೆ ನಿಲ್ಲಿಸಿದರು. ಚೆನ್ನವೀರ ಕೈ ಕಟ್ಟಿ ಕುಳಿತಿದ್ದ. ಅವನ ಕಣ್ಣು ಹನಿಗೂಡಿತ್ತು. ಆದರೂ ಅವನ ಸಂಕಟ ಅವನನ್ನು ಬಿಟ್ಟಿರಲಿಲ್ಲ.

“ಕತೆ ತಿಳಿಯಿತು ಅಜ್ಜಾ. ಆದರೆ ಬುಧವಾರ ನಾನು ಅವರ ಮುಂದೆ ನಿಲ್ಲಬೇಕು. ಗೊತ್ತಿಲ್ಲ ಎಂದರೆ ಮೊದಲು ನನ್ನನ್ನೇ ಮನೆಗೆ ಕಳಿಸುತ್ತಾರೆ. ಈ ಜನ ಮುಂದೆ ಏನು ಮಾಡುತ್ತಾರೆ ಎಂದು ಏನಾದರೂ ಹೇಳಲೇಬೇಕಲ್ಲ?”

ಅಜ್ಜಾವರು ಅವನ ಮುಖವನ್ನೇ ನೋಡಿದರು.

“ಮುಂದಿನದು ಇರಲಿ ಚೆನ್ನವೀರಾ, ನಿನ್ನ ಪಾಳಿ ಬರಲೆಂದು ಇಲ್ಲಿಯವರೆಗೆ ಯಾರು ಯಾರು ಸೋತರು, ಅದನ್ನು ಹೇಳು.”