ಫೈರ್‌ವಾಲ್‌ಗೆ ಗುರುತಿಲ್ಲದ ವಿಳಾಸ

ಮೆಣಸಿನಪುಡಿ ಕಂಪನಿಯೊಂದರ ಆಫೀಸಿನಲ್ಲಿ ಒಂದು ಫೈರ್‌ವಾಲ್ ಇತ್ತು. ಹೊರಗೆ ಹೊರಟ ಪ್ರತಿ ಕಡತವನ್ನೂ ನಿಲ್ಲಿಸಿ, ಗುರುತಿರುವ ವಿಳಾಸಕ್ಕೆ ಮಾತ್ರ ಬಿಡುವುದು ಅದರ ಕೆಲಸ. ಆ ಕೆಲಸದ ಮೇಲೆ ಅದಕ್ಕೆ ಇನ್ನಿಲ್ಲದ ಜಂಬ.

ಒಂದು ದಿನ ಆಫೀಸಿನ ಸರ್ವರ್ ಅದಕ್ಕೆ ಹೇಳಿತು: “ಅಣ್ಣಾ, ನಮ್ಮ ಕಡತಗಳನ್ನೆಲ್ಲ ಇಡುವ ಕ್ಲೌಡ್ ಉಗ್ರಾಣದ ವೆಬ್ ವಿಳಾಸ ಸೋಮವಾರ ಬದಲಾಗುತ್ತದಂತೆ. ಹೊಸದನ್ನು ಈಗಲೇ ಗುರುತು ಮಾಡಿಕೊಂಡುಬಿಡು.”

“ಕಂಡಕಂಡವರ ಗುರುತು ಮಾಡಿಕೊಳ್ಳಲು ನಾನೇನು ಮದುವೆ ದಲ್ಲಾಳಿಯೇ?” ಎಂದು ಫೈರ್‌ವಾಲ್ ಗದರಿತು.

ಸೋಮವಾರ ಆರ್ಡರುಗಳ ಕಡತಗಳೆಲ್ಲ ಉಗ್ರಾಣದ ಹೊಸ ವಿಳಾಸ ಹಿಡಿದು ಹೊರಟವು. ಫೈರ್‌ವಾಲ್ ಒಂದೊಂದನ್ನೂ ಹಿಂದಕ್ಕಟ್ಟಿತು. ಉಗ್ರಾಣದ ಕಡತ ನೋಡಿಯೇ ಹೊರಡುವ ತುಂಬಿದ ಲಾರಿಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತವು. “ಇವತ್ತು ಒಬ್ಬನೂ ನುಸುಳಲಿಲ್ಲ!” ಎಂದು ಅದು ಬೀಗಿತು.

ಮಧ್ಯಾಹ್ನ ಅದು ತನ್ನ ಸ್ವಂತ ಅಪ್‌ಡೇಟನ್ನು ಅದೇ ಉಗ್ರಾಣದಿಂದ ತರಬೇಕಾಯಿತು. ಠೀವಿಯಿಂದ ಬಾಗಿಲಿಗೆ ನಡೆದು, ಅಭ್ಯಾಸಬಲದಿಂದ ತನ್ನನ್ನೇ “ಎಲ್ಲಿಗೆ?” ಎಂದು ಕೇಳಿಕೊಂಡಿತು. ತಾನೇ ಉಗ್ರಾಣದ ಹೊಸ ವಿಳಾಸವನ್ನು ಹೇಳಿತು. “ಗುರುತಿಲ್ಲ, ಹಿಂದಕ್ಕೆ ನಡೆ!” ಎಂದು ತನ್ನನ್ನೇ ಅಟ್ಟಿಕೊಂಡಿತು.

ಪೆಚ್ಚಾಗಿ ಬಂದು ಸರ್ವರ್ ಬಳಿ ಪಿಸುಗುಟ್ಟಿತು: “ತಮ್ಮಾ, ನನ್ನನ್ನು ಹೊರಗೆ ಬಿಡಿ ಅಂತ ಯಾರನ್ನು ಕೇಳಬೇಕು?”

“ನಿನ್ನನ್ನೇ,” ಎಂದಿತು ಸರ್ವರ್. “ಸ್ವಲ್ಪ ವಿನಯದಿಂದ ಕೇಳು. ಅವನು ಬಹಳ ಬಿಗಿಯಂತೆ.”

ಫೈರ್‌ವಾಲ್ ಹೊಸ ವಿಳಾಸವನ್ನು ಗುರುತು ಮಾಡಿಕೊಂಡಿತು.